ರೈಲಿನ ಕಲ್ಲು

"ಅಲ್ಲೇ ನೆಡಲೇ ಸೂಳೆಮಗನ! ನಿಮ್ಮಪ್ಪನ ಅರಮನಿ ಐತೇನ್ ಅದು?"

ಬಸಂತರಾಯಗೌಡ ಚಪ್ಪಲಿಗಾಲಿನಿಂದ ತೋರಿಸಿದ್ದು ನನ್ನ ಮಗಳನ್ನು ಹುಗಿದ ಜಾಗವನ್ನು. ಹೋದ ಶ್ರಾವಣದಲ್ಲಿ ವಾಂತಿಭೇದಿಯಾಗಿ ಹೋದ ಕೂಸು. ಮಣ್ಣಿನ ಗುಪ್ಪೆ ಇನ್ನೂ ಕುಸಿದಿರಲಿಲ್ಲ. ನಾನು ಅಮಸಿದ್ದ, ಹೊಲಗೇರಿಯವನು. ರೈಲು ಹಾಯುವ ದಾರಿಯ ಗುರುತಿಗೆ ನೆಡುವ, ಸುಣ್ಣ ಬಳಿದ ಕಲ್ಲನ್ನು ಹೆಗಲ ಮೇಲೆ ಹೊತ್ತು ನಿಂತಿದ್ದೆ.

"ಎಪ್ಪಾ, ಇದು ನಮ್ಮ ಕೂಸಿನ ಕುಣಿ ಐತ್ರಿ. ಒಂದೀಟು ಆ ಕಡೆ..."

"ಸತ್ತ ಮ್ಯಾಲೂ ಜಾಗಾ ಬೇಕೇನ್ಲೇ ನಿಮಗ?"

ಅಳತೆಯ ಸಾಹೇಬರಾದ ಗುರುರಾಜರಾಯರ ಕಡೆ ನೋಡಿದೆ. ಅವರು ಕನ್ನಡಕ ಒರೆಸಿಕೊಂಡರು. "ನನ್ನ ಕೈಯಾಗ ಏನದಪಾ? ಗೌಡ್ರು ಹೇಳ್ದಂಗ ಹಾಕು."

ಹಾಕಿದೆ.

ರೈಲು ತಮ್ಮ ಕಡೆ ಬರಲಿ ಎಂದು ನಮ್ಮ ಮುದ್ದೇಬಿಹಾಳದ ಮುಖಂಡರು, ತಮಗೇ ಬೇಕೆಂದು ಸಿಂದಗಿಯವರು ಕಿತ್ತಾಡುತ್ತಿದ್ದರು. ಎರಡು ಚುನಾವಣೆ ಅದರ ಮೇಲೆಯೇ ನಡೆದವು. ಜಾಗ ಪುಕ್ಕಟೆ ಕೊಟ್ಟರೆ ಮಾತ್ರ ಹಳಿ ಹಾಕುತ್ತೇವೆ ಎಂದು ದಿಲ್ಲಿಯವರು ಹೇಳಿದರು. ಜಾಗ ಕೊಳ್ಳಲು ದುಡ್ಡಿಲ್ಲ ಎಂದು ಬೆಂಗಳೂರಿನವರು ಕೈ ಝಾಡಿಸಿದರು. ಆಗ ನಮ್ಮ ಶಾಸಕ ತಾಳಿಕೋಟೆಯ ಸಭೆಯಲ್ಲಿ ಎದೆ ತಟ್ಟಿಕೊಂಡು, ಅಷ್ಟೂ ಜಾಗ ದಾನ ಕೊಡಿಸುತ್ತೇನೆ ಅಂದ. ದಾನ ಕೊಡುವ ಧರ್ಮರಾಜ ನಮ್ಮ ಗೌಡ! ಮೊದಲು ಅಳೆದ ಗೆರೆ ಅವನ ಎರಿಹೊಲದ ನಟ್ಟನಡುವೆ, ಅವನ ಅಪ್ಪನನ್ನು ಹುಗಿದ ಗದ್ದುಗೆಯ ಮೇಲೆಯೇ ಹಾಯ್ದಿತ್ತು. ಗೌಡ ರಾಯರಿಗೆ ಭರ್ಜರಿ ಊಟ ಹಾಕಿಸಿದ. ಹೊಲದಲ್ಲಿ ನೆಟ್ಟಿದ್ದ ಕಲ್ಲುಗಳು ಎದ್ದವು, ಗೆರೆ ಬಾಗಿ ನಮ್ಮ ಸುಡುಗಾಡಿಗೆ ಬಂತು. ದಾನವೂ ಆಯಿತು, ಹೊಲವೂ ಉಳಿಯಿತು.

"ನಾಳಿ ಶಾಸಕ ಸಾಹೇಬ್ರು ಗುದ್ದಲಿ ಪೂಜಾಕ ಬರ್ತಾರ," ಎಂದ ಗೌಡ. "ಅಷ್ಟ್ರಾಗ ಕಲ್ಲಿನ ಸಾಲು ಹಿಡದ ಅಗದ ಇಡ್ರಿ. ಎಲುಬು ಗಿಲುಬು ಸಿಕ್ರ ಹಳ್ಳಕ್ಕ ಒಗೀರಿ."

ಮರುದಿನ ಮುಂಜಾನೆ ಊರ ದೊಡ್ಡವರೆಲ್ಲ ಶಾಸಕನನ್ನು ಕರೆತರಲು ತಾಳಿಕೋಟೆಗೆ ಹೋದರು. ನನ್ನ ಹೆಂಡತಿ ಗುಂಡವ್ವ ಸುಡುಗಾಡಿಗೆ ಬಂದವಳೇ ಕೂಸಿನ ಮೇಲಿನ ಕಲ್ಲನ್ನು ತಬ್ಬಿ, ಅಲುಗಾಡಿಸಿ ಕಿತ್ತಳು. ಅಳುತ್ತಾಳೆ ಅಂದುಕೊಂಡೆ. ಅವಳು ಸಿಂಬಿ ಸುತ್ತಿ ಕಲ್ಲನ್ನು ತಲೆಯ ಮೇಲಿಟ್ಟುಕೊಂಡಳು.

"ಎಲ್ಲಿಗಿ?"

"ಮದಲ ಎಲ್ಲಿತ್ತೋ ಅಲ್ಲಿಗಿ. ಗಂಡಸಾಗಿದ್ರ ಸಲಕಿ ತಗೊಂಡ ಬಾ."

ಉಳಿದ ಕಲ್ಲುಗಳನ್ನು ಹೊತ್ತು ಇಡೀ ಕೇರಿ ಅವಳ ಹಿಂದೆ ನಡೆಯಿತು. ಗೌಡನ ಎಳೆ ಜೋಳದ ನಡುವೆ ಅವು ಮತ್ತೆ ನಿಂತವು. ಕಲ್ಲಿನ ಸಾಲು ಹಿಡಿದು ಅಗೆಯಿರಿ ಎಂದವನು ಗೌಡನೇ; ಗದ್ದುಗೆಯ ಕಟ್ಟೆಗೆ ಮೊದಲ ಪೆಟ್ಟು ಹಾಕಿದವನು ನಾನೇ. ಅದರೊಳಗಿನ ಮುದುಕ ನಮ್ಮಪ್ಪನ ಬೆನ್ನ ಮೇಲೆ ಬಾರಕೋಲು ಮುರಿದಿದ್ದ. ಅವನು ಸತ್ತಾಗ ಕುಣಿ ತೋಡಿ, ಹೆಣ ಕೂರಿಸಲು ಗೂಡು ಕೊರೆದು, ಮೇಲೆ ಮಣ್ಣು ಎಳೆದವರೂ ನಾವೇ. ಊರವರು ಕುಣಿಯ ಕೆಲಸಕ್ಕೆ ಸಲಿಕೆ ಮುಟ್ಟುವುದಿಲ್ಲ, ಅದು ಹೊಲೆಯರ ಪಾಲು. ಅದೇ ಕುಣಿಯನ್ನು ತೆರೆದ ಅವತ್ತಿನಷ್ಟು ಖುಷಿಯಿಂದ ಆ ಕೆಲಸವನ್ನು ನಾನೆಂದೂ ಮಾಡಿರಲಿಲ್ಲ.

ಜೀಪು ಬಂದಾಗ ಕುಣಿ ಬಾಯಿ ತೆರೆದಿತ್ತು. ಗೂಡಿನೊಳಗೆ ವಿಭೂತಿ, ಉಪ್ಪು, ಎಲುಬು. ಮುದುಕನ ತಲೆಬುರುಡೆ ಜಾರಿ ಮೊಣಕಾಲ ಹತ್ತಿರ ಬಿದ್ದಿತ್ತು.

ಶಾಸಕ ಕೊರಳ ಹಾರದೊಂದಿಗೆ ಇಳಿದು ಬಗ್ಗಿ ನೋಡಿದ. ಶಾಲು ಮೂಗಿಗೆ ಹೋಯಿತು. "ಇದನ್ನ ತೋರ್ಸಾಕ ಕರಸಿದ್ರೇನ್ರಿ ಗೌಡ್ರ? ಸಿಂದಗಿಯವ್ರಿಗೆ ಸುದ್ದಿ ಮುಟ್ಟಿದ್ರ ನನ್ನ ರೈಲೂ ಹೋತು, ಸೀಟೂ ಹೋತು!" ಪೊಲೀಸರನ್ನು ಕಳಿಸುತ್ತೇನೆಂದು ಜೀಪು ತಿರುಗಿಸಿಕೊಂಡು ಹೋದ.

"ಮುಚ್ರಲೇ!" ಗೌಡನ ದನಿ ಒಡೆದಿತ್ತು. "ಮುಚ್ರಿ, ಇಲ್ಲಾಂದ್ರ ಕೇರಿಗೇ ಬೆಂಕಿ ಹಚ್ಚತೇನಿ!"

ಯಾರೂ ಅಲುಗಲಿಲ್ಲ. ಅವನು ತನ್ನ ಆಳುಗಳ ಕಡೆ ತಿರುಗಿದ. ಅವರು ಒಂದೊಂದೇ ಹೆಜ್ಜೆ ಹಿಂದೆ ಸರಿದರು.

"ಕುಣಿ ಕೆಲಸ ನಾವ್ ಹೆಂಗ್ ಮಾಡೂದ್ರಿ ಗೌಡ್ರ? ಮನ್ಯಾಗ ಕರಕೋತಾರೇನ್ರಿ ನಮ್ಮನ್ನ?"

ಗುಂಡವ್ವ ಸಲಿಕೆಯನ್ನು ಗೌಡನ ಕಾಲ ಹತ್ತಿರ ಒಗೆದಳು. "ನನ್ನ ಕೂಸಿನ ಮ್ಯಾಲ ನಾ ಮಣ್ಣ ಹಾಕೀನಿ. ನಿನ್ನ ಅಪ್ಪನ ಮ್ಯಾಲ ನೀ ಹಾಕೋ."

ಪೊಲೀಸರು ಬಂದು ಚರ್ಮ ಸುಲಿಯುತ್ತಾರೆಂದು ಗೊತ್ತಿತ್ತು. ಬರಲಿ ಎಂದು ಬದುವಿನ ಮೇಲೆ ಸಾಲಾಗಿ ಕುಳಿತು ಎಲೆ ಅಡಿಕೆ ಹಾಕಿಕೊಂಡೆವು. ಬಸಂತರಾಯಗೌಡ ರುಮಾಲು ಬಿಚ್ಚಿಟ್ಟ. ಧೋತರ ಎತ್ತಿ ಕಟ್ಟಿದ. ಅಪ್ಪನ ತಲೆಯನ್ನು ಎತ್ತಿಡಲು ಕುಣಿಗೆ ಇಳಿದ.

ಬಹಳ ಹೊತ್ತಿನ ಮೇಲೆ, ಮೇಲೆ ಹತ್ತಲು ಕೈ ಚಾಚಿದ. ಯಾರೂ ಹಿಡಿಯಲಿಲ್ಲ.