ಶಿಖರಜಿಗೆ ಖಾಲಿ ವಿಮಾನ

ನಂದಗಡದ ಚಿಕ್ಕಪ್ಪನ ಮಗ ವಿಪುಲ ತನ್ನ ತಾಯಿಯನ್ನು ಬಾಡಿಗೆ ವಿಮಾನದಲ್ಲಿ ಶಿಖರಜಿ ಯಾತ್ರೆಗೆ ಕರೆದೊಯ್ದ ದಿನದಿಂದ ಭೀಮಗೊಂಡನಿಗೆ ಅನ್ನ ರುಚಿಸಲಿಲ್ಲ. ಬಸದಿಯಲ್ಲಿ ಎಲ್ಲರ ಬಾಯಲ್ಲೂ ವಿಪುಲನೇ. ತನ್ನ ತಾಯಿಯೂ ಹಾಗೆಯೇ ಹೋಗಬೇಕೆಂದು ಭೀಮಗೊಂಡ, ವಿಪುಲನಿಗೆ ವಿಮಾನ ಗೊತ್ತುಮಾಡಿಕೊಟ್ಟ ಬೆಳಗಾವಿಯ ಏಜೆಂಟನ ಮುಂದೆ ಹೋಗಿ ಕುಳಿತ.

"ಇಡೀ ವಿಮಾನ ಹಿಡದ್ರ ತಾಸಿನ ಬಾಡಗಿ. ಮುಂಗಡ ತುಂಬಿ ವರ್ಷಕ್ಕ ಇಷ್ಟು ತಾಸು ಅಂತ ಕೊಂಡ್ರ ಸ್ವಲ್ಪ ಸೋವಿ. ಇಲ್ಲಾ, ಮುಂದಿನ ವಾರ ಅಲ್ಲಿಂದ ಮಂದೀನ ತರಾಕ ಒಂದು ವಿಮಾನ ಶಿಖರಜಿ ಕಡೆಯ ರಾಂಚಿಗೆ ಖಾಲಿ ಹೊಂಟೈತ್ರಿ. ಅರ್ಧಾ ರೊಕ್ಕ. ಆದ್ರ ಈಗ ಕೊಡಬೇಕು, ವಾಪಸ್ ಬರೂದಿಲ್ಲ."

"ವಿಪುಲಂದು ಎಷ್ಟು ಸೀಟಿಂದು?"

"ಆರು."

"ಈ ಖಾಲಿದು?"

"ಎಂಟ್ರಿ."

"ಹಂಗಾರ ಇದ ಇರಲಿ."

ರೊಕ್ಕ ಕಟ್ಟಿ ಖಾನಾಪುರದ ಮನೆಗೆ ಬಂದು ಹೇಳಿದಾಗ ತಾಯಿ ಶಾಂತಾಬಾಯಿ ಜಪಮಣಿ ಕೆಳಗಿಟ್ಟಳು.

"ಮಳಿಗಾಲ ಮುಗಿಯೂತನಕ ಈ ಊರ ಸೀಮಿ ದಾಟೂದಿಲ್ಲಂತ ಮುನಿ ಮಹಾರಾಜರ ಮುಂದ ವ್ರತ ಹಿಡದೇನಿ. ನನ್ನ ಒಂದು ಮಾತು ಕೇಳಬಾರದಿತ್ತೇನೋ, ತಮ್ಮಾ? ಇರಲಿ, ವಿಪುಲನ ಅತ್ತಿ ಮಾವ ಇನ್ನೂ ಶಿಖರಜಿ ಕಂಡಿಲ್ಲ. ಅವರನ್ನ ಕಳಸು."

"ಬ್ಯಾರೆ ಯಾರನ್ನರ ಹೇಳವ್ವಾ."

"ಸಾಲಿಗೆ ಹೋಗೂವಾಗಿಂದ ಅವನ ಮ್ಯಾಲ ಉರಕೋತ ಬಂದಿ. ಅವಗ ಫೋನ್ ಹಚ್ಚು."

ತಾಯಿಯ ಮಾತು ಮೀರಲಾಗದೆ ಹಚ್ಚಿ, ಅತ್ತೆ ಮಾವನನ್ನು ಕಳಿಸುವ ವಿಷಯ ಹೇಳಿದ. ಆ ಕಡೆ ವಿಪುಲ ಹಿಗ್ಗಿ, "ಅಣ್ಣಾ, ನಿನ್ನಂಥಾವ ಇಲ್ಲ" ಎಂದ. ಆ ಸಂತೋಷವನ್ನೂ ಭೀಮಗೊಂಡನಿಗೆ ಸಹಿಸಲಾಗಲಿಲ್ಲ.