ಪರದೆಯ ಅಡುಗೆಮನೆ ಮಗ್ಗುಲು

ಶನಿವಾರ ಮಧ್ಯಾಹ್ನ ನನ್ನ ಗಂಡ ಥ್ಯಾಡ್ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಬಂದ. ಕೆಳಗಿನ ಮಹಡಿಯಿಂದಲೇ ಅವನ ಕೂಗು ಕೇಳಿಸಿತು.

“ಲೂವೀ! ಫ್ರಿಜ್ಜಲ್ಲಿ ಜಾಗ ಮಾಡೇ!”

“ಹಾಲು ಇಡೋಕೇ ಜಾಗ ಇಲ್ಲ ಅಲ್ಲಿ. ನಾಳೆಯಿಂದ ಮಗೂಗೆ ಫಿಲಂ ಕರಗಿಸಿ ಕುಡಿಸ್ಲಾ?” ಎಂದೆ.

ಅವನು ನಗಲಿಲ್ಲ. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ. ಎದೆಗೆ ಅವಚಿಕೊಂಡಿದ್ದ ತಗಡಿನ ಡಬ್ಬಿಯಿಂದ ವಿನೆಗರ್ ಚೆಲ್ಲಿದ ಹಾಗೆ ಹುಳಿ ವಾಸನೆ ಬರುತ್ತಿತ್ತು. ಹಳೆಯ ಫಿಲಂ ಸಾಯುವಾಗ ಬರುವ ವಾಸನೆ ಅದು. ನಮ್ಮ ಮನೆಯಲ್ಲಿ ಅದನ್ನು ತೊಟ್ಟಿಲ ಮಗುವೂ ಗುರುತಿಸುತ್ತಿತ್ತು.

“ಲೆನಾಕ್ಸ್ ಅವೆನ್ಯೂದಲ್ಲಿ ಮುಚ್ಚಿದ ಬಾರ್ ಇತ್ತಲ್ಲ, ಅದರ ನೆಲಮಾಳಿಗೇಲಿ ಸಿಕ್ತು. ಕಾಸು ಹಾಕಿದ್ರೆ ಹಾಡು ತೋರಿಸೋ ಪೆಟ್ಟಿಗೇದು,” ಎಂದ. “ಲೂವೀ, ಕುಣಿಯೋ ಹುಡುಗರು ಇದಾರೆ ಇದರಲ್ಲಿ. ಬಲ್ಬಿಗೆ ಹಿಡಿದು ನೋಡಿದೆ. ನಾಲ್ಕು ಜೋಡಿ. ನಮ್ಮ ಹಾರ್ಲೆಂ ಹುಡುಗರೇ.”

ಈ ಸಲ ನಾನೂ ನಗಲಿಲ್ಲ. ಕೈಯ ಹಿಟ್ಟು ಒರೆಸಿಕೊಂಡು, ಹಾಲಿನ ಬಾಟಲಿಗಳನ್ನು ಕಿಟಕಿಯ ಹೊರಗಟ್ಟೆಗೆ ಸಾಗಿಸಿದೆ.

ಥ್ಯಾಡ್ ಸಿನಿಮಾ ಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುವವನು. ನಮ್ಮವರು, ಹಾರ್ಲೆಂನ ಕಪ್ಪು ಜನ, ಊದಿದ, ಬಾರಿಸಿದ, ಕುಣಿದ ಹಳೆಯ ಫಿಲಂಗಳನ್ನು ಜನ ಕಸಕ್ಕೆ ಎಸೆಯುತ್ತಿದ್ದ ಕಾಲ ಅದು. ಎಸೆದದ್ದನ್ನು ಅವನು ಆಯ್ದು ತರುತ್ತಿದ್ದ, ಒರೆಸುತ್ತಿದ್ದ, ಹರಿದಲ್ಲಿ ಅಂಟಿಸುತ್ತಿದ್ದ, ತಂಪಿನಲ್ಲಿಡುತ್ತಿದ್ದ. ಆದರೆ ಅವನು ಮೊದಲಿನಿಂದಲೂ ಹುಡುಕುತ್ತಿದ್ದದ್ದು ಒಬ್ಬನನ್ನೇ, ಅವನ ಚಿಕ್ಕಪ್ಪ ಲೆಮ್ಯುಯೆಲ್‌ನನ್ನು. ಹುಡುಕುತ್ತಿದ್ದದ್ದು ತನಗಾಗಿಯೂ ಅಲ್ಲ, ತನ್ನ ಸೋದರತ್ತೆ ಯೂಲಾಗಾಗಿ.

ಲೆಮ್ ಯುದ್ಧಕ್ಕೆ ಹೋಗಿ ಮರಳಲಿಲ್ಲ. ಹಡಗು ಹತ್ತುವ ಮುಂಚಿನ ವಾರ ಅವನೂ ಅವನ ಗೆಳೆಯರೂ ಇಂಥದೊಂದು ಪೆಟ್ಟಿಗೆ ಸಿನಿಮಾಕ್ಕೆ ಕುಣಿದಿದ್ದರು. ಅದು ಬಾರುಗಳಿಗೆ ಬರುವ ಹೊತ್ತಿಗೆ ಅವನಿರಲಿಲ್ಲ. ಆ ಪೆಟ್ಟಿಗೆಯಲ್ಲಿ ಬೇಕಾದ ಹಾಡನ್ನು ಆರಿಸುವ ಹಾಗಿರಲಿಲ್ಲ. ಕಾಸು ಹಾಕಿದರೆ ಸರದಿಯಲ್ಲಿ ಮುಂದಿನದು ಬರುತ್ತಿತ್ತು, ವಾರಕ್ಕೊಮ್ಮೆ ಸುರುಳಿ ಬದಲಾಗುತ್ತಿತ್ತು. ಯೂಲಾ ಅತ್ತೆ ಆಗ ಬಾರಿನ ಹೊಸ್ತಿಲು ತುಳಿಯದ ಚರ್ಚಿನ ಹುಡುಗಿ. ಆದರೂ ತಾಯಿಯ ಕಣ್ಣು ತಪ್ಪಿಸಿ ಒಂದೊಂದೇ ಬಾರಿಗೆ ಹೋಗಿ ಕಾಸು ಹಾಕುತ್ತ ನಿಂತಳು. ಹೋದಲ್ಲೆಲ್ಲ “ಹೋದ ವಾರ ಇತ್ತಮ್ಮಾ” ಎನ್ನುವ ಉತ್ತರ.

ಅವಳ ಬಳಿ ಇದ್ದದ್ದು ತಮ್ಮ ಲೆಮ್ ಸೈನ್ಯದ ಸಮವಸ್ತ್ರದಲ್ಲಿ ನಿಂತ ಒಂದೇ ಫೋಟೊ. ಅದನ್ನು ಅವಳು ಗೋಡೆಗೆ ಹಾಕಿರಲಿಲ್ಲ. “ಅದು ಅವನಲ್ಲ ಕಣೇ,” ಎನ್ನುತ್ತಿದ್ದಳು. “ಲೆಮ್ ಅಷ್ಟು ಹೊತ್ತು ಸುಮ್ಮನೆ ನಿಂತವನೇ ಅಲ್ಲ.”

ಭಾನುವಾರ ಚರ್ಚು ಮುಗಿಸಿ ಅತ್ತೆ ನೇರ ನಮ್ಮಲ್ಲಿಗೇ ಬಂದಳು. ತಲೆಯ ಮೇಲೆ ನೇರಳೆ ಹ್ಯಾಟು, ಕೈಯಲ್ಲಿ ಸಿಹಿಗೆಣಸಿನ ಪೈ. ಹಿಂದೆಯೇ ಕೆಳಮನೆಯ ಪರ್ನೆಲ್ ಬಂದರು. ಒಂದು ಕಾಲಕ್ಕೆ ಟ್ರಂಪೆಟ್ ಊದುತ್ತಿದ್ದವರು, ಹಲ್ಲು ಹೋದ ಮೇಲೆ ಕ್ಷೌರದಂಗಡಿ ಇಟ್ಟವರು.

“ಹ್ಯಾಟ್ ತೆಗಿ ಯೂಲಾ, ನನಗೆ ಸಿನಿಮಾ ಕಾಣಲ್ಲ,” ಎಂದರು ಪರ್ನೆಲ್.

“ನಿಂಗೆ ಕಂಡು ಏನಾಗ್ಬೇಕಿದೆ? ಶುರುವಾದ ಕೂಡ್ಲೇ ಗೊರಕೆ ಹೊಡೀತೀಯ.”

“ಗೊರಕೆನೂ ತಾಳದಲ್ಲೇ ಹೊಡೀತೀನಿ, ಗಮನಿಸಿದೀಯಾ?”

ಥ್ಯಾಡ್ ಮಾತ್ರ ಪ್ರೊಜೆಕ್ಟರಿಗೆ ಸುರುಳಿ ಏರಿಸುತ್ತಿದ್ದ. ಹಳೆಯ ಫಿಲಂನ ತುಂಡನ್ನು ಹೊಸದರ ಪಕ್ಕಕ್ಕಿಟ್ಟು ನನಗೆ ತೋರಿಸಿದ್ದ. ಅಂಚಿನ ತೂತಿಗೆ ತೂತು ಕೂಡುತ್ತಿರಲಿಲ್ಲ, ಅಷ್ಟು ಕುಗ್ಗಿತ್ತು. ಹೆಸರು ಬರೆದಿರುವ ಮೊದಲ ಭಾಗ ಅಂಟಿಕೊಂಡು ಗಟ್ಟಿಯಾಗಿದ್ದರಿಂದ ಕತ್ತರಿಸಿ ತೆಗೆದಿದ್ದ. ಊರ ಕೆಳಭಾಗದ ಲ್ಯಾಬಿನವರು ಇಂಥದನ್ನು ಕಷ್ಟಪಟ್ಟು ಪ್ರತಿ ತೆಗೆದುಕೊಡುತ್ತಿದ್ದರು, ಆದರೆ ಇದರಲ್ಲಿ ಯಾರಿದ್ದಾರೆ, ಯಾಕೆ ಉಳಿಸಬೇಕು ಎಂದು ಮೊದಲು ಹೇಳಬೇಕು. ಹೇಳಲಾಗದಿದ್ದರೆ ಅದು ಸಾಲಿನ ಕೊನೆಗೆ. ಆ ಸಾಲು ಮುಗಿಯುವವರೆಗೆ ಈ ಫಿಲಂ ಬದುಕುವುದಿಲ್ಲ.

“ಒಂದು ಸಲ ಓಡುತ್ತೆ ಅತ್ತೆ,” ಎಂದ. “ಎರಡನೇ ಸಲ ನಾನು ಭರವಸೆ ಕೊಡಲ್ಲ. ಕಣ್ಣು ಮಿಟುಕಿಸ್ಬೇಡಿ.”

“ನಾನು ಮಿಟುಕಿಸಲ್ಲ. ನೀನು ಕೈ ನಡುಗಿಸ್ಬೇಡ.”

ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದೆವು. ಮುಂದಿನ ಕೋಣೆಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ, ಯಾವಾಗಿನಂತೆ, ಪರದೆಯಾಗಿ ನನ್ನ ಬಿಳಿ ಹಾಸಿಗೆ ಬಟ್ಟೆ. ಅವರೆಲ್ಲ ಆ ಕಡೆ, ಪ್ರೊಜೆಕ್ಟರ್ ಪಕ್ಕ. ನಾನು ಈ ಕಡೆ, ಒಲೆ ಮುಂದೆ. ಮೀನನ್ನು ಜೋಳದ ಹಿಟ್ಟಿನಲ್ಲಿ ಹೊರಳಿಸುತ್ತ, ಮಗುವನ್ನು ಸೊಂಟಕ್ಕೇರಿಸಿಕೊಂಡು, ಬಟ್ಟೆಯ ಹಿಂದಿನಿಂದಲೇ ನಾನು ಎಷ್ಟೋ ಸಿನಿಮಾ ನೋಡಿದ್ದೇನೆ. ಈ ಕಡೆಗೆ ಎಲ್ಲವೂ ತಿರುವುಮುರುವು. ಅಕ್ಷರಗಳು ಹಿಂದುಮುಂದಾಗಿ ಬರುತ್ತವೆ, ಜಗತ್ತಿನವರೆಲ್ಲ ಎಡಚರಾಗುತ್ತಾರೆ. ಅದು ನನಗೆ ರೂಢಿಯಾಗಿಹೋಗಿತ್ತು.

ದೀಪ ಹೊತ್ತಿತು. ಪ್ರೊಜೆಕ್ಟರ್ ಕರಕರ ಎಂದು ಕೆಮ್ಮಿ, ಓಡತೊಡಗಿತು. ಡ್ರಮ್ಮಿನ ಸದ್ದು ಒಮ್ಮೆಲೇ ಮನೆ ತುಂಬಿತು. ಬಟ್ಟೆಯ ಮೇಲೆ ವಾದ್ಯದವರು ನಾಲ್ವರು, ಅವರ ಮುಂದೆ ಹುಡುಗ ಹುಡುಗಿಯರು. ಎಂಥ ಕಾಲುಗಳು! ನೆಲ ಬಿಸಿಯಾಗಿದೆಯೋ ಎಂಬಂತೆ ಪಾದ ಊರುತ್ತಲೇ ಇರಲಿಲ್ಲ. ಒಬ್ಬ ಹುಡುಗಿ ಜೊತೆಗಾರನ ಬೆನ್ನ ಮೇಲಿಂದ ಉರುಳಿ ಆಚೆಗೆ ನಿಂತಾಗ ನನ್ನ ಸೊಂಟದ ಮಗು ಕೇಕೆ ಹಾಕಿತು. ನಾನು ಸೌಟು ಹಿಡಿದವಳು ಹಿಡಿದ ಹಾಗೇ ನಿಂತೆ.

ಮೂರು ನಿಮಿಷದ ಹಾಡು. ಮುಗಿದು ಬಟ್ಟೆ ಬೆಳ್ಳಗಾಯಿತು.

“ಅತ್ತೆ?” ಎಂದ ಥ್ಯಾಡ್.

“ಅವನಲ್ಲ,” ಎಂದಳು ಅತ್ತೆ. ಹ್ಯಾಟಿನ ಪಿನ್ನು ತೆಗೆದು ಮತ್ತೆ ಚುಚ್ಚಿಕೊಳ್ಳುತ್ತಿದ್ದದ್ದು ನೆರಳಿನಲ್ಲಿ ಕಂಡಿತು. “ಆ ಕೊನೇ ಹುಡುಗ ಇದಾನಲ್ಲ, ನಗೋದು ಅವನ ಥರಾನೇ. ಎದೆ ಧಸಕ್ ಅಂತು. ಆದ್ರೆ ಅವನು ಹುಡುಗಿ ಬೆನ್ನಿಗೆ ಬಲಗೈ ಕೊಟ್ಟಿದಾನೆ. ಲೆಮ್ ಎಡಚ. ಇಡೀ ಡಾನ್ಸ್ ಹಾಲಲ್ಲಿ ಎಡಗೈ ಕೊಟ್ಟು ಕುಣಿಸೋನು ಅವನೊಬ್ಬನೇ. ಅದಕ್ಕೇ ಹುಡುಗೀರು ಅವನ ಜೊತೆ ಬರೋಕೆ ಹೆದರೋರು. ನಾನೇ ಮನೇಲಿ ಜೋಡಿ ನಿಂತು ಅವನಿಗೆ ಅಭ್ಯಾಸ ಮಾಡಿಸ್ತಿದ್ದೆ.”

“ಯಾರೂ ಅಲ್ಲ ಇವ್ರು,” ಎಂದರು ಪರ್ನೆಲ್. “ಟ್ರಂಪೆಟ್ಟಿನವನನ್ನ ನೋಡಿದ್ರಾ? ಗುಂಡಿ ಒತ್ತೋದು ಎಡಗೈಲಿ! ನನ್ನ ಜನ್ಮದಲ್ಲಿ ನೋಡಿಲ್ಲ. ಸಿನಿಮಾದವರು ಬೀದೀಲಿ ಹೋಗೋನನ್ನ ಹಿಡಿದು, ಕೋಟು ಹಾಕಿಸಿ, ಇದನ್ನ ಬಾಯಿಗಿಟ್ಕೋ ಅಂದಿದಾರೆ. ಊದಿರೋನು ಬೇರೆ, ತೋರಿಸಿರೋನು ಬೇರೆ. ಹಾಗೆ ಮಾಡ್ತಿದ್ರು ಆಗ. ಕುಣಿಯೋರೂ ಎಲ್ಲಿಂದಲೋ ತಂದೋರೇ ಇರ್ಬೇಕು. ಹಾರ್ಲೆಂನಲ್ಲಿ ಕಲಿತೋರು ಹಂಗೆ ಹುಡುಗೀನ ಹಿಡಿಯಲ್ಲ.”

ಥ್ಯಾಡ್ ಸುರುಳಿಯನ್ನು ಕಳಚುವ ಸದ್ದು. ಅವನ ಉಸಿರಿನಲ್ಲೇ ನನಗೆ ಎಲ್ಲ ಗೊತ್ತಾಯಿತು. ಈ ಡಬ್ಬಿ ಸಾಲಿನ ಕೊನೆಗೆ ಹೋಗುತ್ತದೆ. ಅತ್ತೆ ಪೈಯನ್ನು ಮುಟ್ಟದೆ ಮನೆಗೆ ಹೋಗುತ್ತಾಳೆ.

ನಾನು ಮೀನು ತಿರುವಿ ಹಾಕಿದೆ. ಏನೋ ಸರಿಯಿರಲಿಲ್ಲ. ಹಿಡಿಯಲ್ಲ ಎಂದರೇನು? ಎಲ್ಲರೂ ಹಿಡಿಯುವ ಹಾಗೆಯೇ ಹಿಡಿದಿದ್ದರಲ್ಲ, ಬಲಗೈ ಬೆನ್ನಿಗೆ ಕೊಟ್ಟು? ಟ್ರಂಪೆಟ್ಟಿನವನು ಬಲಗೈಯಲ್ಲೇ ಗುಂಡಿ ಒತ್ತಿದ್ದ. ಎಲ್ಲರೂ ಸರಿಯಾಗೇ ಇದ್ದರು, ಆ ಕೊನೆಯ ಹುಡುಗನೊಬ್ಬನನ್ನು ಬಿಟ್ಟು.

ಆಮೇಲೆ ಹೊಳೆಯಿತು. ಎಲ್ಲರೂ ಸರಿಯಾಗಿ ಕಂಡದ್ದು *ನನಗೆ*! ಅದೂ ಬಟ್ಟೆಯ ಈ ಮಗ್ಗುಲಿನಿಂದ!

“ಥ್ಯಾಡ್!” ನಾನು ಕಿರುಚಿದ್ದಕ್ಕೆ ಮಗು ಬೆಚ್ಚಿತು. “ಕಳಚಬೇಡ, ನಿಲ್ಲು!”

“ಏನಾಯ್ತೇ, ಕೈ ಸುಟ್ಕೊಂಡ್ಯಾ?”

ಬಟ್ಟೆಯನ್ನು ಸರಿಸಿ ಒಳಗೆ ನುಗ್ಗಿದೆ. “ನಾನು ಯಾವಾಗ್ಲೂ ಇವ್ರನ್ನೆಲ್ಲ ಉಲ್ಟಾನೇ ನೋಡೋದು. ಇವತ್ತು ಉಲ್ಟಾ ಇರ್ಲಿಲ್ಲ. ಟ್ರಂಪೆಟ್ಟಿನವನು ಬಲಗೈಲೇ ಬಾರಿಸ್ದ, ನನ್ನ ಕಡೆ. ಎಲ್ಲ ಹುಡುಗ್ರೂ ಬಲಗೈಲೇ ಹಿಡಿದಿದ್ರು. ಕೊನೇಲಿ ನಗ್ತಾನಲ್ಲ, ಅವನೊಬ್ಬನೇ ಎಡಗೈ. ಅತ್ತೆ, ಅವನೊಬ್ಬನೇ!”

ಪರ್ನೆಲ್ ತೊಡೆಗೆ ಫಟ್ ಎಂದು ಹೊಡೆದುಕೊಂಡರು.

“ಕನ್ನಡಿ!” ಎಂದರು. “ಅಯ್ಯೋ ನನ್ನ ತಲೆಗಿಷ್ಟು! ಆ ಪೆಟ್ಟಿಗೆ ಹಿಂಬಾಗಿಲು ತೆಗೆದು ನಾನು ನನ್ನ ಬಾಟಲಿ ಬಚ್ಚಿಡ್ತಿದ್ದೆ ಕಣೋ. ಒಳಗೆಲ್ಲ ಕನ್ನಡಿ. ಪ್ರೊಜೆಕ್ಟರ್ ಕೆಳಗೆ, ಬೆಳಕು ಕನ್ನಡಿಗೆ ಬಡಿದು ಬಡಿದು ಮೇಲಿನ ಗಾಜಿಗೆ ಹೋಗ್ತಿತ್ತು.”

“ಕನ್ನಡೀಲಿ ಸರಿಯಾಗಿ ಕಾಣ್ಲಿ ಅಂತ ಫಿಲಂನೇ ಉಲ್ಟಾ ಅಚ್ಚು ಹಾಕಿದಾರೆ,” ಎಂದ ಥ್ಯಾಡ್, ನಿಧಾನವಾಗಿ. ಇಲ್ಲಿಯವರೆಗೆ ಅವನ ಕೈಗೆ ಸಿಕ್ಕಿದ್ದವೆಲ್ಲ ಸಿನಿಮಾ ಮಂದಿರದ ಫಿಲಂಗಳು. ಪೆಟ್ಟಿಗೆಯದು ಇದೇ ಮೊದಲು. ಮರುಕ್ಷಣ ಅವನು ನನ್ನ ಹಿಟ್ಟಿನ ಕೈಯನ್ನೇ ಹಿಡಿದು ಮುತ್ತಿಟ್ಟ.

ಅತ್ತೆ ಎದ್ದು ನಿಂತಿದ್ದಳು. ಹ್ಯಾಟು ಓರೆಯಾಗಿತ್ತು.

“ಇನ್ನೊಂದ್ಸಲ ಓಡುತ್ತಾ?”

ಥ್ಯಾಡ್ ಸುರುಳಿಯ ಮೇಲೆ ಬೆರಳಾಡಿಸಿದ. ಒಂದೆರಡು ಕಡೆ ತೂತುಗಳ ಅಂಚು ಆಗಲೇ ಸೀಳಿತ್ತು. “ಗೊತ್ತಿಲ್ಲ ಅತ್ತೆ. ಸುಳ್ಳು ಹೇಳಲ್ಲ. ಹರಿದ್ರೂ ಹರೀಬಹುದು.”

ಅತ್ತೆ ಡಬ್ಬಿಯನ್ನು ನೋಡಿದಳು, ಬಟ್ಟೆಯನ್ನು ನೋಡಿದಳು. “ಅವನೇ ಅಂತ ನಾನು ನೋಡ್ದೆ ಹೇಳೋಕಾಗಲ್ಲ ಮಗಾ. ನಾನು ಹೇಳ್ದೆ ಅದು ಉಳಿಯಲ್ಲ,” ಎಂದಳು. “ಓಡ್ಸು.”

ನಾನು ಅವಳ ಕೈ ಹಿಡಿದು ಅಡುಗೆಮನೆಗೆ ಕರೆತಂದೆ. ಕುರ್ಚಿ ಕೊಟ್ಟರೆ ಕೂರಲಿಲ್ಲ. ಪರ್ನೆಲ್ ಕೂಡ ಬಂದು ಮಗುವನ್ನು ಎತ್ತಿಕೊಂಡರು. ಬಟ್ಟೆಯ ಆಚೆಗೆ ಥ್ಯಾಡ್ ಒಬ್ಬನೇ, ಪ್ರೊಜೆಕ್ಟರಿನ ಮೇಲೆ ಬಾಗಿ, ಜ್ವರದ ಮಗುವನ್ನು ಕಾಯುವವನ ಹಾಗೆ.

ಡ್ರಮ್ಮು. ಬೆಳಕು. ಹುಡುಗರು.

“ಟ್ರಂಪೆಟ್ಟು ನಿಜವಾದೋನೇ,” ಎಂದು ಪರ್ನೆಲ್ ಪಿಸುಗುಟ್ಟಿದರು. “ಬೆರಳು ನೋಡು!”

ಕೊನೆಯ ಜೋಡಿ ಮುಂದೆ ಬಂತು. ತೆಳ್ಳಗಿನ ಹುಡುಗ, ಪ್ಯಾಂಟು ಎದೆವರೆಗೆ, ಬಾಯಿ ತುಂಬ ನಗು. ಎಡಗೈ ಹುಡುಗಿಯ ಬೆನ್ನಿಗೆ. ಅವಳನ್ನು ತನ್ನೆಡೆಗೆ ಸೆಳೆದು, ಗಿರ್ರನೆ ತಿರುಗಿಸಿ, ಗಾಳಿಗೆ ಬಿಟ್ಟ.

“ಲೆಮ್ಮೂ!” ಎಂದಳು ಅತ್ತೆ. ಬೀದಿಯಲ್ಲಿ ಆಡುವ ಹುಡುಗನನ್ನು ಊಟಕ್ಕೆ ಕರೆಯುವ ದನಿ. “ಲೆಮ್ಮೂ, ನೋಡ್ರೋ ಅವನನ್ನ! ನೋಡ್ರೋ ನನ್ನ ಹುಡುಗನ್ನ!”

ಅವಳ ಪಾದಗಳು ಆಗಲೇ ಶುರುಮಾಡಿದ್ದವು. ಚರ್ಚಿನ ಗಟ್ಟಿ ಹಿಮ್ಮಡಿ ನನ್ನ ನೆಲದ ಮೇಲೆ ಟಕಟಕ ಎನ್ನುತ್ತಿತ್ತು. “ಈಗ ಎಡವ್ತಾನೆ ನೋಡು, ಇಲ್ಲಿ ಯಾವಾಗ್ಲೂ ಅವಸರ ಮಾಡ್ತಾನೆ... ಹಾ! ಹೇಳಿದ್ನಾ ಇಲ್ವಾ! ಎಡವಿ, ಅದೇ ಹೆಜ್ಜೆ ಅಂತ ನಗ್ತಾನೆ ಬೇರೆ, ಕಳ್ಳ!”

ಲೆಮ್ ಮಂಡಿ ಬಗ್ಗಿಸಿ ಹಾರಲು ಸಿದ್ಧನಾದ. ಹಾರಿದ. ಆ ಕಡೆ ಚಟ್ ಎಂಬ ಸದ್ದು. ಬಟ್ಟೆ ಬೆಳ್ಳಗೆ ಉಳಿಯಿತು. ಪ್ರೊಜೆಕ್ಟರಿನಲ್ಲಿ ತುಂಡಾದ ಬಾಲ ಪಟಪಟ ಬಡಿಯುತ್ತಿತ್ತು.

ಥ್ಯಾಡ್ ದೀಪ ಆರಿಸಿ ಬಟ್ಟೆ ಸರಿಸಿದ. “ಒಂದೇ ಕಡೆ ಹರಿದಿದೆ ಅತ್ತೆ. ಏನೂ ಕಳೆದಿಲ್ಲ. ಈಗ್ಲೇ ಅಂಟಿಸ್ತೀನಿ, ಕೊನೇದನ್ನೂ ನೋಡ್ಬಿಡಿ...”

“ಮುಟ್ಟಬೇಡ ಅದನ್ನ!” ಅತ್ತೆ ಗದರಿದಳು. ಕೆನ್ನೆ ಪೂರ್ತಿ ಒದ್ದೆ, ಕಣ್ಣು ಮಾತ್ರ ಹೊಳೆಯುತ್ತಿತ್ತು. “ಡಬ್ಬಿಗೆ ಹಾಕು. ನಾಳೆ ಬೆಳಗ್ಗೆ ಲ್ಯಾಬಿನ ಬಾಗಿಲು ತೆಗೆಯೋ ಮುಂಚೆ ನಾನೂ ನೀನೂ ಅಲ್ಲಿರ್ತೀವಿ. ಅವರು ಕೇಳ್ಲಿ, ಇದರಲ್ಲಿ ಯಾರಿದಾರೆ ಅಂತ. ನಾನು ಹೇಳ್ತೀನಿ.”

“ಕೊನೇದು ನೋಡೋಕೆ ತಿಂಗಳುಗಟ್ಟಲೆ ಆಗುತ್ತೆ ಅತ್ತೆ.”

“ಕೊನೇದು ನಂಗೆ ಗೊತ್ತು ಕಣೋ. ಕಲಿಸಿದ್ದು ಯಾರು ಅಂದ್ಕೊಂಡೆ?”

ಹ್ಯಾಟನ್ನು ತೆಗೆದು ಪರ್ನೆಲ್ ತಲೆಗೆ ಇಟ್ಟಳು. ನನ್ನ ಕೈಯಿಂದ ಸೌಟು ಕಿತ್ತುಕೊಂಡು ಸಿಂಕಿಗೆ ಎಸೆದಳು. ಅವಳ ಎಡಗೈ ನನ್ನ ಬೆನ್ನಿಗೆ ಬಂದು ಗಟ್ಟಿಯಾಗಿ ಕೂತಿತು.

“ಅತ್ತೆ, ಮೀನು ಸೀಯ್ತಿದೆ!”

“ಸೀಯ್ಲಿ. ಪರ್ನೆಲ್, ಬಾಣಲೆ ಮುಚ್ಚಳ ತಗೊಂಡು ತಾಳ ಹಾಕು. ನಿಧಾನ ಬೇಡ, ಅವರು ಹಾಕಿದ್ರಲ್ಲ, ಹಂಗೇ. ಅವನು ಗಾಳೀಲಿದಾನೆ ಈಗ. ಇಳಿಯೋವಾಗ ನೀನು ಆ ಕಡೆ ಹೋಗ್ಬೇಕು ಲೂವೀ. ಆ ಕಡೆ ಅಲ್ಲ ಕಂದಾ, *ಈ* ಕಡೆ! ಎಡಚನ ಜೊತೆ ಕುಣೀತಿದೀಯ, ನೆನಪಿರ್ಲಿ!”

ನಾನು ಅವಳ ಕಾಲು ತುಳಿದೆ. ಅವಳು ನನ್ನನ್ನು ಗಿರ್ರನೆ ತಿರುಗಿಸಿ, ಇನ್ನೊಮ್ಮೆ ಎಂದಳು.