ನಾನೂರ ಮೂವತ್ತೊಂದು ವ್ಯತ್ಯಾಸಗಳ ಮನುಷ್ಯ

ಅವರು ಕಣ್ಣು ಮುಚ್ಚಿಕೊಂಡು ಆಡುತ್ತಿದ್ದರು. ರೆಪ್ಪೆಯ ಸಂದಿನಿಂದ ಕದ್ದು ನೋಡುವ ಮಕ್ಕಳ ಮುಚ್ಚುವಿಕೆಯಲ್ಲ ಅದು; ಕನ್ನಡಕ ತೆಗೆದು, ಮಡಚಿ, ಕೋಟಿನ ಜೇಬಿಗಿಟ್ಟು, ಮುಖವನ್ನು ಕೊಂಚ ಮೇಲೆತ್ತಿ, ಧ್ಯಾನಕ್ಕೆ ಕುಳಿತವರ ಗಾಂಭೀರ್ಯದಿಂದ ಕಂಟ್ರೋಲರ್ ಹಿಡಿಯುತ್ತಿದ್ದರು. ಎದುರಿನ ಪರದೆಯಲ್ಲಿ ಒಬ್ಬ ಪುಟ್ಟ ಅಂಚೆಯವನು ಹೆಗಲಿಗೆ ಚೀಲ ಏರಿಸಿಕೊಂಡು ತಾರಸಿಯಿಂದ ತಾರಸಿಗೆ ಹಾರುತ್ತ, ನಾಯಿಗಳ ಬಾಯಿಂದ ತಪ್ಪಿಸಿಕೊಳ್ಳುತ್ತ ಓಡುತ್ತಿದ್ದ. ನಾಲ್ಕೈದು ಹಾರಿಕೆ ಆಗುವಷ್ಟರಲ್ಲಿ ಅವರು ತೀರ್ಪು ಕೊಡುತ್ತಿದ್ದರು: "ಇದು ಹಳೇದು." ಇಲ್ಲವೇ, "ಇದು ಹೊಸದು." ನಾನು ಸ್ವಭಾವತಃ ಅನುಮಾನದ ಪ್ರಾಣಿ. ಏನೋ ಕೈಚಳಕ ಇರಬೇಕೆಂದು ನಾನೇ ಎದ್ದು ಅವರ ಬೆನ್ನ ಹಿಂದೆ ಎಂಟು ಸಲ ಕಂಟ್ರೋಲರಿನ ವಯರನ್ನು ಹಳೆಯ ಯಂತ್ರದಿಂದ ಹೊಸದಕ್ಕೆ, ಹೊಸದರಿಂದ ಹಳೆಯದಕ್ಕೆ ಬದಲಿಸಿದೆ, ಶಬ್ದವನ್ನೂ ಪೂರ್ತಿ ಆರಿಸಿದೆ. ಎಂಟಕ್ಕೆ ಎಂಟೂ ಸರಿ.

"ಅದು ಹೇಗ್ರೀ ಗೊತ್ತಾಗುತ್ತೆ?" ಎಂದೆ.

"ಹಳೇದ್ರಲ್ಲಿ ಒತ್ತಿದ ತಕ್ಷಣ ಹಾರ್ತಾನೆ. ಹೊಸದ್ರಲ್ಲಿ ಮೊದ್ಲು ಮಂಡಿ ಬಗ್ಗಿಸ್ತಾನೆ. ನನ್ನ ಹೆಬ್ಬೆರಳು ಅಷ್ಟು ಹೊತ್ತು ಕಾಯ್ತಾ ನಿಂತಿರುತ್ತೆ."

ಅಷ್ಟು ಹೊತ್ತು ಎಂದರೆ ಎಷ್ಟು ಎಂದು ತಂಡದವರು ಅಳೆದರು. ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ. ಮರುವಾರವೇ ಹೊಸ ಅಂಚೆಯವನು ಮಂಡಿ ಬಗ್ಗಿಸುವುದನ್ನು ಬಿಟ್ಟ.

ನಾನು ಆ ಕಚೇರಿಗೆ ಹೋದದ್ದು ಆಟದ ಜೊತೆಗೆ ಕೊಡುವ ಪುಸ್ತಿಕೆ ಬರೆಯುವುದಕ್ಕೆ. ಮೂವತ್ತೈದು ವರ್ಷ ಹಳೆಯ ವಿಡಿಯೋ ಗೇಮ್ ಒಂದನ್ನು ಈ ಕಾಲದ ಯಂತ್ರಗಳಿಗಾಗಿ ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಕಟ್ಟುತ್ತಿದ್ದರು. ಆಟವೆಂದರೆ ಹೊತ್ತು ಕಳೆಯುವ ಸಾಧನ, ಹಳೆಯ ಆಟವೆಂದರೆ ಕಳೆದುಹೋದ ಹೊತ್ತು, ಅದನ್ನು ಮತ್ತೆ ಕಟ್ಟುವುದೆಂದರೆ ಕೆಲಸವಿಲ್ಲದವರ ಕೆಲಸ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅಂಥ ಕಚೇರಿಯ ಮೂಲೆಯ ಕೋಣೆಯಲ್ಲಿ, ಎಡಕ್ಕೊಂದು ಬೆನ್ನುಬ್ಬಿದ ಹಳೆಯ ಗಾಜಿನ ಟೀವಿ, ಬಲಕ್ಕೊಂದು ಹಾಳೆಯಷ್ಟು ತೆಳ್ಳನೆಯ ಹೊಸ ಟೀವಿ ಇಟ್ಟುಕೊಂಡು ಇವೆರಡರ ನಡುವೆ ಕುಳಿತಿದ್ದ ಈ ಮನುಷ್ಯನನ್ನು ಹುಡುಗ ಹುಡುಗಿಯರೆಲ್ಲ 'ತಕ್ಕಡಿ ಅಂಕಲ್' ಎನ್ನುತ್ತಿದ್ದರು. ಹಿಂದೆ ಟೀವಿ ರಿಪೇರಿ ಮಾಡುತ್ತಿದ್ದವರು. ಹಳೆಯದನ್ನೂ ಹೊಸದನ್ನೂ ಹೋಲಿಸಿ ವ್ಯತ್ಯಾಸ ಬರೆದುಕೊಡುವುದು ಇಲ್ಲಿ ಅವರ ಕೆಲಸ.

ರಿಪೇರಿ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಆ ಕಾಲದ ಬೂದುಬಣ್ಣದ ಕೋಟನ್ನು ಅವರು ಬಿಟ್ಟಿರಲಿಲ್ಲ. ಬಲಗೈ ತೋಳಿನ ಮೇಲೆ ಬೆಸುಗೆಯ ಕಡ್ಡಿ ತಾಗಿ ಸುಟ್ಟ ಮೂರು ಚುಕ್ಕೆ. ಎದೆಯ ಜೇಬಿನಲ್ಲಿ ಒಂದು ಟೆಸ್ಟರ್, ಒಂದು ಪೆನ್ನು, ಒಂದು ಸಣ್ಣ ಬ್ರಷ್ಷು. ನಡೆಯುವಾಗ ನೆಲದ ಮೇಲೆ ಕಾಣದ ವಯರುಗಳು ಹರಡಿವೆಯೋ ಏನೋ ಎಂಬಂತೆ ಪಾದವನ್ನು ಎತ್ತಿ ಎತ್ತಿ ಇಡುತ್ತಿದ್ದರು. ಆಟಕ್ಕೆ ಕೂರುವ ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು, ಬೆರಳ ಸಂದಿ ಸಂದಿಯನ್ನೂ ಒರೆಸಿಕೊಳ್ಳಬೇಕು, ಮೊದಲು ಎಡದ ಟೀವಿ, ಆಮೇಲೆ ಬಲದ್ದು, ಮತ್ತೆ ಎಡದ್ದು. ಈ ಕ್ರಮ ತಪ್ಪಿಸಿ ಬಲದಿಂದ ಶುರುಮಾಡಿ ಎಂದರೆ ಆಕಾಶ ಕಳಚಿ ಬಿದ್ದರೂ ಅವರು ಒಪ್ಪುವವರಲ್ಲ. ಯಾರು ಏನು ಹೇಳಿದರೂ ಅವರ ಉತ್ತರ ಆರಂಭವಾಗುತ್ತಿದ್ದದ್ದು ಒಂದೇ ರೀತಿ: "ಇರ್ಲಿ. ಆದ್ರೆ..." ಆ 'ಆದ್ರೆ' ಕೇಳಿದೊಡನೆ ಅರ್ಧ ಕಚೇರಿ ಹಣೆ ಚಚ್ಚಿಕೊಳ್ಳುತ್ತಿತ್ತು.

ಅವರ ಕೈಯಲ್ಲಿ ಒಂದು ಉದ್ದನೆಯ ದಪ್ಪ ನೋಟ್‌ಬುಕ್ಕು ಇರುತ್ತಿತ್ತು. ಅದರಲ್ಲಿ ವ್ಯತ್ಯಾಸಗಳಿಗೆ ಕ್ರಮಸಂಖ್ಯೆ. ನಾನು ನೋಡಿದಾಗ ನಾನೂರ ಮೂವತ್ತೊಂದು ಇದ್ದವು. ಹಳೆಯದಕ್ಕೇ ಜೋತುಬಿದ್ದ ಮುದುಕ ಎಂದುಕೊಂಡಿದ್ದ ನನಗೆ ಮೊದಲ ಪುಟವೇ ಕಪಾಳಕ್ಕೆ ಹೊಡೆದಂತಾಯಿತು. ಏಕೆಂದರೆ ಅದರಲ್ಲಿ ಅರ್ಧಕ್ಕರ್ಧ ಹೊಸದರ ಹೊಗಳಿಕೆಯೇ ಇತ್ತು. "ನಾಯಿ ಈಗ ನಾಯಿ ಥರ ಇದೆ ಸಾಹಿತಿಗಳೇ, ಮುಂಚೆ ಮುಕ್ಕಾಲಿ ಸ್ಟೂಲಿಗೆ ಬಾಲ ಬಂದ ಹಾಗಿತ್ತು" ಎಂದು ಅವರೇ ನಕ್ಕರು. ಆದರೆ ಕೆಲವು ಸಾಲುಗಳ ಕೆಳಗೆ ಕೆಂಪು ಗೆರೆ; ಅವು ಹಳೆಯದರಂತೆಯೇ ಆಗಬೇಕಾದವು. ಇನ್ನೂರ ಹನ್ನೆರಡನೆಯದು ಸಂಜೆಯ ಆಕಾಶ. ಹಳೆಯ ಆಟದ ಕೊನೆಯಲ್ಲಿ ಸಂಜೆಯಾಗುತ್ತದೆ; ಆ ಯಂತ್ರಕ್ಕೆ ಆಕಾಶದ ಪಾಲಿಗೆ ನಾಲ್ಕೇ ಬಣ್ಣ, ಹಾಗಾಗಿ ನೀಲಿ ಆಕಾಶ ನಾಲ್ಕು ಪಟ್ಟೆಗಳಾಗಿ, ಒಂದೊಂದೇ ಹೆಜ್ಜೆ ಇಟ್ಟು ಕೆಂಪಾಗುತ್ತದೆ. ಹೊಸದರಲ್ಲಿ ಬಣ್ಣಗಳಿಗೆ ಬರವಿಲ್ಲ. "ನಾಲ್ಕೇ ನಾಲ್ಕು ಬಣ್ಣದಲ್ಲಿ ಒಂದು ಸಂಜೆ ಮಾಡಿದಾನಲ್ರೀ ಪುಣ್ಯಾತ್ಮ! ಈಗ ಸಾವಿರ ಬಣ್ಣ ಇದೆ, ಸಂಜೆ ಯಾವಾಗಾಯ್ತು ಅಂತಲೇ ಗೊತ್ತಾಗಲ್ಲ." ಈ ಒಂದು ಆಕಾಶಕ್ಕಾಗಿ ಅವರು ತಂಡದ ಮುಖ್ಯಸ್ಥೆಯ ಜೊತೆ ಎರಡು ತಿಂಗಳಿಂದ ಜಗಳವಾಡುತ್ತಿದ್ದರು. ನಾನು ಎರಡೂ ಸಂಜೆಗಳನ್ನು ಪಕ್ಕಪಕ್ಕದಲ್ಲಿ ನೋಡಿದೆ. ಎಡದ ಟೀವಿಯಲ್ಲಿ ಕೊನೆಯ ಪಟ್ಟೆ ಕೆಂಪಾದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಇನ್ನೊಮ್ಮೆ ತೋರಿಸಿ ಎಂದೆ.

ಅವರು ಈ ಕೆಲಸವನ್ನು ತಾವಾಗಿಯೇ ಕೇಳಿಕೊಂಡು ಬಂದವರೆಂದು ನನಗೆ ತಿಳಿದದ್ದು ಕೈತೊಳೆಯುವ ನಲ್ಲಿಯ ಬಳಿ. ಅವರಿಗೊಬ್ಬ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತಿಯಾದವರು. ಹತ್ತು ವರ್ಷದ ಹಿಂದೆ ಎರಡು ಕಣ್ಣೂ ಹೋದವು. ಅದಾದ ಮೇಲೂ ಆಕೆ ದಿನಾ ಬೆಳಿಗ್ಗೆ ತಿಂಡಿಯಾದೊಡನೆ ಈ ಅಂಚೆಯವನ ಆಟ ಆಡುತ್ತಾರೆ. ಮನೆಯ ಹಳೆಯ ಯಂತ್ರವನ್ನು ಈ ತಮ್ಮನೇ ಹನ್ನೊಂದು ಸಲ ರಿಪೇರಿ ಮಾಡಿದ್ದಾರೆ. ಬಿಡಿಭಾಗಗಳು ಈಗ ಎಲ್ಲಿಯೂ ಸಿಗುವುದಿಲ್ಲ.

"ಇನ್ನೊಂದು ಸಲ ಕೈಕೊಟ್ರೆ ಮುಗೀತು. ಆಮೇಲೆ ಅಕ್ಕನಿಗೆ ಈ ಹೊಸದೇ ಗತಿ. ಅವಳಿಗೆ ಆಡೋಕಾಗ್ಬೇಕು, ಅಷ್ಟೇ."

"ಇದನ್ನ ಅವರಿಗೆಲ್ಲ ಹೇಳಬಾರದೇ?"

"ಅಯ್ಯೋ ಪಾಪ ಅಂತಾರೆ. ಆಟಕ್ಕೆ ಪಾಪ ಬೇಡ ಸಾಹಿತಿಗಳೇ. ಅವಳ ಕಿವಿಗೆ ಬಿದ್ರೆ ನನ್ನ ಚರ್ಮ ಸುಲೀತಾಳೆ."

ಹೀಗಾಗಿ ಆ ಕಣ್ಣು ಮುಚ್ಚುವಿಕೆ. ಅಕ್ಕ ಹೇಗೆ ಆಡುತ್ತಾರೋ ಹಾಗೆಯೇ ಆಡಿ ಪರೀಕ್ಷಿಸಬೇಕೆಂಬುದು ಅವರ ನಿಯಮ. ಒಂದು ಭಾನುವಾರ ನನ್ನನ್ನು ಮನೆಗೆ ಕರೆದೊಯ್ದರು. ಅಕ್ಕ ಟೀವಿಗೆ ಅಡ್ಡವಾಗಿ, ಕಿಟಕಿಯ ಬಿಸಿಲಿಗೆ ಮುಖ ಕೊಟ್ಟು ಕುಳಿತಿದ್ದರು.

"ಇವನನ್ನ ಯಾಕ್ರೀ ಕೆಲಸಕ್ಕಿಟ್ಕೊಂಡಿದೀರಿ? ಮನೇಲಿ ಒಂದು ಬಲ್ಬ್ ಬದಲಾಯಿಸೋಕೆ ಮೂರು ದಿನ ತಗೋತಾನೆ!"

"ನಿಂಗ್ಯಾಕಕ್ಕ ಬಲ್ಬು?" ಎಂದರು ತಮ್ಮ.

"ಬಂದೋರು ಎಡವಿ ನನ್ ಮೇಲೆ ಬೀಳ್ತಾರಲ್ಲೋ!"

ಹೀಗೆ ಮಾತಾಡುತ್ತಲೇ ಅಕ್ಕ ಅಂಚೆಯವನನ್ನು ಓಡಿಸಿದರು. ಎರಡು ತಾರಸಿಗಳ ನಡುವಿನ ಸಂದು ಬಂದಾಗಲೆಲ್ಲ ಬೆರಳು ತಾನಾಗಿ ಒತ್ತುತ್ತಿತ್ತು, ಅವನು ಆಚೆ ಇಳಿಯುತ್ತಿದ್ದ. ಒಂದಲ್ಲ, ಎರಡಲ್ಲ, ಹದಿನೇಳು ಸಂದು. ನಾನು ಎಣಿಸುತ್ತ ನಿಂತಿದ್ದೆ. ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಗಿತ್ತು.

ಆಟ ಬಿಡುಗಡೆಯಾಗುವುದಕ್ಕೆ ಹನ್ನೆರಡು ದಿನವಿರುವಾಗ ಕಚೇರಿಯಲ್ಲಿ ಹೊರಗಿನವರಿಂದ ಆಡಿಸಿ ನೋಡುವ ಕಾರ್ಯಕ್ರಮವಿತ್ತು. ತಕ್ಕಡಿ ಅಂಕಲ್ ತಮ್ಮ ಅಕ್ಕನನ್ನು ಕರೆತಂದರು. ಅವರ ನಡಿಗೆಯಲ್ಲೇ ಸಂಭ್ರಮ. ಅಷ್ಟೂ ಸಂದುಗಳನ್ನು ಹೊಸ ಆಟದಲ್ಲಿ ತಾವೇ ಕಣ್ಣು ಮುಚ್ಚಿ ದಾಟಿ, ನೋಟ್‌ಬುಕ್ಕಿನಲ್ಲಿ 'ಸರಿ' ಎಂದು ಬರೆದಿದ್ದರು. ಅಕ್ಕ ಕಂಟ್ರೋಲರ್ ಹಿಡಿದರು. ಅಂಚೆಯವನು ಓಡಿದ, ಮೊದಲ ಸಂದಿಗೇ ಬಿದ್ದ. ಎರಡನೆಯ ಸಲವೂ ಬಿದ್ದ. ಆರನೆಯ ಸಲ ಬಿದ್ದಾಗ ಕೋಣೆಯಲ್ಲಿದ್ದವರೆಲ್ಲ ಗೋಡೆ ನೋಡತೊಡಗಿದರು.

"ಎಣಿಸಕ್ಕಾ, ಅದೇ ದೂರ, ಅದೇ ಲೆಕ್ಕ" ಎಂದರು ತಮ್ಮ.

"ನಾನ್ಯಾವತ್ತೋ ಎಣಿಸಿದ್ದೆ? ಹಾಡಲ್ಲಿ ಒಂದು ದನಿ ಕಟ್ಟಾಗುತ್ತಲ್ಲ, ಆಗ ಒತ್ತೋದು."

ಸಂಗೀತ ಸಂಯೋಜಕ ಓಡಿಬಂದ. ಗಡ್ಡದ ತರುಣ, ತನ್ನ ಕೆಲಸದ ಬಗ್ಗೆ ಅಭಿಮಾನವುಳ್ಳವನು. ಎಡದ ಟೀವಿ ಹಚ್ಚಿ ಕೇಳಿದ, ಅವನಿಗೆ ಅರ್ಥವಾಯಿತು. ಹಳೆಯ ಯಂತ್ರಕ್ಕೆ ಏಕಕಾಲಕ್ಕೆ ಮೂರೇ ದನಿ ಹೊರಡಿಸುವ ಶಕ್ತಿ. ಸಂದು ಹತ್ತಿರ ಬಂದಾಗ ಗಾಳಿಯ ಸದ್ದು ಬರಬೇಕು. ಅದಕ್ಕೆ ಜಾಗ ಮಾಡಿಕೊಡಲು ಹಾಡಿನ ಕೆಳಗಿನ ದನಿ ಅರೆಗಳಿಗೆ ಸುಮ್ಮನಾಗುತ್ತಿತ್ತು. ಗಾಳಿಯ ಸದ್ದು ಆ ಕಾಲದ ಸ್ಪೀಕರಿನಲ್ಲಿ ಕೇಳಿಸಿದ್ದೇ ಇಲ್ಲ, ಕೇಳಿಸಿದ್ದು ಹಾಡಿನಲ್ಲಿ ಬಿದ್ದ ತೂತು ಮಾತ್ರ. ಹೊಸದರಲ್ಲಿ ಎಪ್ಪತ್ತು ವಾದ್ಯ, ಗಾಳಿಯಂತೂ ಆಟದುದ್ದಕ್ಕೂ ಬೀಸುತ್ತದೆ, ಹಾಡು ಎಲ್ಲಿಯೂ ನಿಲ್ಲುವುದಿಲ್ಲ.

"ಅದು ದೋಷ ಅಮ್ಮಾ. ಹಳೇ ಯಂತ್ರದ ಕೈಲಾಗದ್ದು. ನಾವದನ್ನ ಸರಿ ಮಾಡಿದೀವಿ" ಎಂದ.

"ಚೆನ್ನಾಗಿದೆ ಕಣಪ್ಪ ನಿನ್ನ ಹಾಡು. ಎಲ್ಲೂ ಒಂಚೂರು ಮುಕ್ಕಾಗಿಲ್ಲ. ಅದಕ್ಕೇ ಬೀಳ್ತಾ ಇದೀನಿ."

ನಾನು ತಕ್ಕಡಿಯ ಮುಖ ನೋಡಿದೆ. ನಾನೂರ ಮೂವತ್ತೊಂದು ವ್ಯತ್ಯಾಸಗಳನ್ನು ಹೆಕ್ಕಿದ ಆ ಮನುಷ್ಯನ ಕಿವಿಗೆ ಇದೊಂದು ಬಿದ್ದಿರಲಿಲ್ಲ. ಅವರು ಮುಚ್ಚಿದ್ದು ಕಣ್ಣನ್ನು ಮಾತ್ರ. ಹೆಬ್ಬೆರಳಿಗೆ ಮೂವತ್ತೈದು ವರ್ಷದಿಂದ ಪ್ರತಿ ಸಂದಿನ ದೂರವೂ ಬಾಯಿಪಾಠ, ಕಿವಿಯ ಸಹಾಯ ಅದಕ್ಕೆ ಬೇಕಾಗಿಯೇ ಇರಲಿಲ್ಲ. ಅಕ್ಕನೂ ತನ್ನಂತೆಯೇ ಆಡುತ್ತಾಳೆ ಎಂದುಕೊಂಡಿದ್ದರು. ಪಕ್ಕದಲ್ಲೇ ಕೂತು ಹತ್ತು ವರ್ಷ ನೋಡಿಯೂ ಒಮ್ಮೆ ಕೇಳಿರಲಿಲ್ಲ. ಆ ಕ್ಷಣ ಅವರ ಸಂಕಟ ನೋಡಲಾಗದೆ ನಾನು ತಲೆ ತಗ್ಗಿಸಿದೆ.

ತಂಡದ ಮುಖ್ಯಸ್ಥೆ ಕೆಟ್ಟವಳಲ್ಲ. ಅವಳು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದಳು: "ಅಂಕಲ್, ಉಳಿದಿರೋ ದಿನದಲ್ಲಿ ನಿಮ್ಮ ಕೆಂಪು ಗೆರೆಯ ಮೂವತ್ತು ಮಾಡ್ಕೊಡ್ತೀನಿ ಅಂದಿದ್ದೆ. ಸಂಜೆಯ ಆಕಾಶನೂ ಸೇರಿಸಿ. ಆದ್ರೆ ಈ ಹಾಡಿನ ವಿಷಯ ಅಂದ್ರೆ ಪ್ರತಿ ಹಂತ ಬಿಚ್ಚಬೇಕು. ಇದೊಂದು ಮಾಡಿದ್ರೆ ಬೇರೆ ಯಾವುದೂ ಆಗಲ್ಲ."

ತಕ್ಕಡಿ ನಿಂತಲ್ಲೇ ನೋಟ್‌ಬುಕ್ಕು ತೆರೆದರು. ಎದೆಯ ಜೇಬಿನಿಂದ ಪೆನ್ನು ತೆಗೆದರು. ಒಂದು ಪುಟದ ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೆ ಒಂದು ಗೆರೆ. ಪುಟ ತಿರುವಿ ಇನ್ನೊಂದು ಗೆರೆ. ಇನ್ನೂರ ಹನ್ನೆರಡರ ಬಳಿ ಕೈ ನಿಲ್ಲಬಹುದೆಂದು ನಾನು ನೋಡುತ್ತಿದ್ದೆ. ನಿಲ್ಲಲಿಲ್ಲ. ಆ ನಾಲ್ಕು ಪಟ್ಟೆಯ ಸಂಜೆಯ ಮೇಲೆಯೂ ಅದೇ ಗೆರೆ ಹಾಯ್ದುಹೋಯಿತು.

ಅಕ್ಕ ಕತ್ತು ತಿರುಗಿಸಿದರು. "ಏನೋ ಅದು ಗೀಚ್ತಾ ಇರೋದು?"

"ಏನಿಲ್ಲಕ್ಕ. ಪೆನ್ ಬರೆಯುತ್ತಾ ಅಂತ ನೋಡ್ತಿದೀನಿ."

ಸಂಯೋಜಕ ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋದ.

ಬಿಡುಗಡೆಯ ಮುನ್ನಾದಿನ ಅಕ್ಕ ಮತ್ತೆ ಬಂದರು. ಎಪ್ಪತ್ತು ವಾದ್ಯಗಳ ಹಾಡು ತುಂಬಿ ಹರಿಯುತ್ತಿದ್ದಂತೆ ಅದರ ತಳದಿಂದ ಒಂದು ದನಿ ಮಾಯವಾಯಿತು, ಅಂಚೆಯವನು ಹಾರಿದ, ಆಚೆ ಇಳಿದ. ಮತ್ತೆ ಹಾರಿದ. ಹದಿನೇಳೂ ಸಂದು ಮುಗಿದು ಕೊನೆಯ ತಾರಸಿಗೆ ಬಂದಾಗ ಪರದೆಯ ಮೇಲೆ ಸಾವಿರ ಬಣ್ಣದ ಆ ಹೊಸ ಸಂಜೆ, ಯಾರಿಗೂ ತಿಳಿಯದಂತೆ, ನಯವಾಗಿ ಇಳಿಯುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಆಕಾಶ ಪಟ್ಟೆಪಟ್ಟೆಯಾಗಿ ಕೆಂಪಾಯ್ತೇನೋ?" ಎಂದು ಕೇಳಿದರು ಅಕ್ಕ.

"ಆಯ್ತಕ್ಕ" ಎಂದರು ತಕ್ಕಡಿ.

ಹೋಲಿಸಿ ನೋಡುವವರನ್ನು ನಾವು ಸಾಮಾನ್ಯವಾಗಿ ಹಠಮಾರಿಗಳೆಂದು, ಸಣ್ಣದಕ್ಕೆಲ್ಲ ತಕರಾರು ತೆಗೆಯುವವರೆಂದು ದೂರುತ್ತೇವೆ; ನಾನೂ ದೂರಿದ್ದೇನೆ. ಹಳೆಯದೊಂದು ಹೋಗಿ ಹೊಸದು ಬಂದಾಗ ನಮ್ಮಂಥವರಿಗೆ ಯಾವ ನಷ್ಟವೂ ಇಲ್ಲ, ಏಕೆಂದರೆ ಹಳೆಯದರಲ್ಲಿ ಏನಿತ್ತೆಂದು ನಾವು ನೋಡಿಯೇ ಇರುವುದಿಲ್ಲ. ಚಪ್ಪಾಳೆ ತಟ್ಟುವುದು ನಮಗೆ ಸುಲಭ. ಒಂದೊಂದನ್ನೂ ನೋಡಿ, ಬರೆದು, ಪ್ರೀತಿಸಿದ ಇಂಥವರಿಗೆ ಮಾತ್ರ ಬಿಟ್ಟುಕೊಡುವುದೆಂದರೆ ಏನೆಂದು ಗೊತ್ತು. ಅವರು ಬಿಟ್ಟುಕೊಟ್ಟದ್ದು ಎಷ್ಟೆಂಬುದು ಅವರೊಬ್ಬರಿಗಲ್ಲದೆ ಮತ್ತಾರಿಗೂ ತಿಳಿಯುವುದಿಲ್ಲ. ಯಾರಿಗಾಗಿ ಬಿಟ್ಟರೋ ಅವರಿಗೂ.